ಏಳೆಂಟ್ಲೆ

ಎರಡೂವರೆಯ ಹೊತ್ತು. ಬಿಸಿಯೂಟದ ಅನ್ನ
ಹೊಟ್ಟೆಯಲ್ಲಿ ಕೂತು ಕಣ್ಣ ಮೇಲೆ ಕೈಯಿಟ್ಟಿತ್ತು.
ಕೇಣಿ ಬಂದರದ ಕಡೆಯಿಂದ ಒಣಮೀನಿನ ಗಾಳಿ
ಕಿಟಕಿಯ ಸರಳು ದಾಟಿ ಬಂದು
ನಾಲ್ಕನೇ ಇಯತ್ತೆಯ ಹಾಜರಿ ಕರೆಯುತ್ತಿತ್ತು.

ಏಳೊಂದ್ಲೆ ಏಳು ಎಂದೆ.
ಇಪ್ಪತ್ತಮೂರು ಬಾಯಿ ಏಳು ಎಂದವು,
ಯಾರೂ ಏಳಲಿಲ್ಲ.
ಏಳೈದ್ಲೆಯ ಹೊತ್ತಿಗೆ ಯತಿನನ ಗದ್ದ
ಡೆಸ್ಕಿನ ಅಂಚಿಗೆ ಲಂಗರು ಹಾಕಿತ್ತು.

ನಾನು ಕಲಿತದ್ದೂ ಇದೇ ಹಂಚಿನಡಿ.
ಆಗ ನಿಲ್ಲುವುದೆಂದರೆ ಶಿಕ್ಷೆ,
ಬೆಂಚಿನ ಮೇಲೆ, ಕಿವಿ ಹಿಡಿದು,
ತಪ್ಪಿದ ಏಳೆಂಟ್ಲೆಗೆ ಒಂದಿಡೀ ಮಧ್ಯಾಹ್ನ.
ಇವತ್ತಿಗೂ ಆ ಲೆಕ್ಕದ ಹತ್ತಿರ ಬಂದರೆ
ನನ್ನ ಮೀನಖಂಡ ಒಮ್ಮೆ ಮಿಡುಕುತ್ತದೆ.

ಪುಸ್ತಕ ಮುಚ್ಚಿ. ಏಳಿ.

ಕಣ್ಣುಗಳೆಲ್ಲ ಒಮ್ಮೆಗೇ ಕೇಳಿದವು:
ಏನು ತಪ್ಪಾಯ್ತು ಅಕ್ಕೋರೆ?

ತಪ್ಪಲ್ಲ. ಬಲೆ.
ರಂಪಣಿ ಬಿಟ್ಟಾಗಿದೆ ನೋಡಿ, ಕರಿಹಲಗೆಯಾಚೆ.
ಈ ತುದಿ ನಿಮ್ಮದು, ಆ ತುದಿ ಅವರದು.
ನಾಲ್ಕೇ ನಿಮಿಷ. ಎಳೆಯಿರಿ.

ನಾನೇ ಮೊದಲು ಎಳೆದು ತೋರಿಸಿದೆ,
ಬಾವಿಯ ನೀರು ಸೇದುವವಳ ಹಾಗೆ.
ಪ್ರಣಾಲಿ ಹರಿಕಂತ್ರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
ಜೂನಿನಿಂದ ಅವಳು ಬಾಯಿ ಬಿಟ್ಟದ್ದು ಎರಡನೇ ಸಲ:
"ಹಂಗಲ್ಲ ಅಕ್ಕೋರೆ, ಕೈಯಿಂದ ಎಳೂದಲ್ಲ, ಸೊಂಟದಿಂದ.
ಹಿಂದಕ್ಕೆ ಬಿದ್ದಂಗೇ ಆಗ್ಬೇಕು,
ಬೀಳೂಕಾಗ."

ಸರಿ, ಹಂಗೇ.
ಏಳು, ಹಿಮ್ಮಡಿ ನೆಲಕ್ಕೂರಿತು.
ಹದಿನಾಲ್ಕು, ಬೆನ್ನು ಬಿಲ್ಲಾಯಿತು.
ಇಪ್ಪತ್ತೊಂದಕ್ಕೆ ಬೆಂಚೊಂದು ಕಿರ್ರೆಂದು ಸರಿಯಿತು.
ಆಮೇಲೆ ಎಣಿಸಿದವರು ಯಾರೋ, ಎಳೆದವರು ಯಾರೋ.
ಐವತ್ತಾರಕ್ಕೆ ಪಕ್ಕದ ಕೋಣೆಯ ಹೊನ್ನಪ್ಪ ಮಾಸ್ತರು
ಸಿಟ್ಟಿನಿಂದ ಗೋಡೆ ಗುದ್ದಿದರು,
ಅದೂ ತಾಳಕ್ಕೆ ಸರಿಯಾಗಿತ್ತು.

ಎಪ್ಪತ್ತಕ್ಕೆ ಬಲೆ ದಡ ಕಂಡಿತು.
ಎಷ್ಟು ಬಂಗಡೆ! ಎಷ್ಟು ತಾರ್ಲೆ!
ಹಿಂದಿನ ಬೆಂಚಿನವನೊಬ್ಬನಿಗೆ
ಒಂದು ಹರಿದ ಚಪ್ಪಲಿ ಸಿಕ್ಕಿತಂತೆ, ಎತ್ತಿ ತೋರಿಸಿದ.

ಕೂತರು. ಉಸಿರಿನ ಸದ್ದು ಮಾತ್ರ.
ಅಲೆ ಈಗಷ್ಟೇ ಹಿಂದೆ ಸರಿದ ಮರಳಿನಂಥ ಮುಖಗಳು,
ಒದ್ದೆ, ನುಣ್ಣಗೆ,
ಯಾರಾದರೂ ಬಂದು ಬೆರಳಲ್ಲಿ ಏನಾದರೂ ಬರೆಯಲಿ ಎಂಬಂತೆ.

ಮೂರು ವಾರದ ಮೇಲೆ ಕಿರುಪರೀಕ್ಷೆ.
ಏಳೆಂಟ್ಲೆಯ ಹತ್ತಿರ ಯತಿನ ತಡೆದ.
ಪೆನ್ಸಿಲು ಕೆಳಗಿಟ್ಟ. ಡೆಸ್ಕಿನಡಿ
ಎರಡು ಮುಷ್ಟಿ ಮೆಲ್ಲಗೆ ಬಿಗಿದವು,
ಬೆನ್ನು ಅಷ್ಟೇ ಅಷ್ಟು ಹಿಂದಕ್ಕೆ ವಾಲಿತು.
ಮೇಲೆ ನೋಡಿದ, ನಕ್ಕ, ಬರೆದ:
ಐವತ್ತನಾಲ್ಕು.

ರಾತ್ರಿ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.
ತಪ್ಪು ಹಾಕಲೇಬೇಕು, ಹಾಕಿದೆ.
ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ:
ಇನ್ನೆರಡು ಮೀನು ಬಲೆಯಲ್ಲೇ ಉಳಿದಿವೆ.
ಏಳು. ಎಳೆ.