ಒಂದು ಬುಟ್ಟಿ ಬಂಗುಡೆ

ಕೋಡಿಬಾಗದ ಬಾಡಿಗೆ ಖೋಲಿಯಲ್ಲಿ
ಕಿಟಕಿಗೆ ಎದುರಾಗಿ ಮಂಚ ಹಾಕಿಸಿಕೊಂಡಿದ್ದಾರೆ
ದತ್ತಾರಾಮ ಕೊಠಾರಕರರು.
ಮೂಗಿನಲ್ಲಿ ನಳಿಗೆ. "ಬಿಸಿಲು ಇನ್ನೂ ಗಟ್ಟಿ, ಕಾಯೋಣ"
ಅನ್ನುತ್ತಾರೆ ನನಗೆ.
ನಾನು ಆಗ ಕ್ಲ್ಯಾಪ್ ಹಿಡಿದ ಹುಡುಗ,
ಈಗ ಬೈತಖೋಲದಲ್ಲಿ ಬೋಟಿನ ಇಂಜಿನು ಬಿಚ್ಚುವವ.

ನಿನ್ನೆ ಶೇವಂತಿ ಬಂದಿದ್ದಳು.
ಎಂಬತ್ತಮೂರರಲ್ಲಿ ಅವಳನ್ನು ಹನ್ನೊಂದು ಸಲ
ದಂಡೆಯುದ್ದ ನಡೆಸಿದ್ದರು, ತಲೆಮೇಲೆ ಬುಟ್ಟಿ;
ಹನ್ನೊಂದನೆಯ ಹೊತ್ತಿಗೆ ಬಂಗುಡೆ ನಾರುತ್ತಿತ್ತು.
"ಮೀನಿನ ದುಡ್ಡು ಕೊಡಲಿಲ್ಲ ನೀವು," ಅಂದಳು ಹೊಸಿಲಲ್ಲೇ ನಿಂತು,
"ಸಿನಿಮಾದಲ್ಲಿ ನೋಡಿದರೆ ನಾನೇ ಇಲ್ಲ."

ನಕ್ಕರು. ನಗು ಕೆಮ್ಮಾಯಿತು.
ದಿಂಬಿನಡಿಯಿಂದ ನೂರರ ಎರಡು ನೋಟು.
ಒಂದನ್ನು ಅಲ್ಲೇ ಇಟ್ಟಳು: "ಆಗಿನ ದರಕ್ಕೆ ಇದೇ ಹೆಚ್ಚು."
"ಹನ್ನೆರಡನೆಯದು?" ಕೇಳಿದರು ಮೆಲ್ಲಗೆ.

ಅವಳು ಮಾತಾಡಲಿಲ್ಲ.
ಖಾಲಿ ಬುಟ್ಟಿ ತಲೆಗೇರಿಸಿ
ಕಿಟಕಿಯ ಈ ಅಂಚಿನಿಂದ ಆ ಅಂಚಿಗೆ
ಮಂಡಿನೋವಿನ ನಡಿಗೆಯಲ್ಲಿ ಹೋದಳು.
ಹಿಂದೆ ಕಾಳಿ, ಕಡಲು ಸೇರುವ ಕಡೆ, ತಾಮ್ರದ ಬಣ್ಣ.
ಬೆರಳುಗಳ ಚೌಕಟ್ಟು ನಡುಗುತ್ತಿತ್ತು.

ಕಾದೆ. ಕಟ್ ಅನ್ನಲಿಲ್ಲ ಅವರು.
ಅಷ್ಟರಲ್ಲಿ ಅವಳು
ಮೀನುಪೇಟೆಯ ಟೆಂಪೋ ಹತ್ತಿಯಾಗಿತ್ತು.