ಎಡಗಡೆಯ ಮುಂದಿನ ಹಲ್ಲು

ಮೊದಲು ಕಿಟಕಿ. ಉತ್ತರಕ್ಕೆ ತೆರೆದದ್ದು.
ಶೋಪ್ರೋನ್ ಊರಿನ ಹೆಂಚುಗಳ ಮೇಲೆ
ಹತ್ತು ಗಂಟೆಯ ಮೋಡ ಸೋಸಿ ಕೊಟ್ಟ ಬೆಳಕು.
ಚೋಂಗೋರನ ಕೆಂಪಂಗಿಗೆ ಬೂದು ಬಟ್ಟೆ ಹೊದಿಸಿದೆ,
ಕೆಂಪು ಕಣ್ಣಿಗೆ ಚಾಡಿ ಹೇಳುತ್ತದೆ.
"ಹಲ್ಲಿನ ಮೇಲೆ ನಾಲಗೆ ಆಡಿಸು," ಎಂದೆ,
"ಒಣಗಿದರೆ ಇಲ್ಲದ ಬಿಳುಪು ತೋರುತ್ತದೆ."

ಹದಿನಾರು ಮಾದರಿ ಹಲ್ಲು
ಬೀಗದ ಕೈಗೊಂಚಲಿನಂತೆ ನನ್ನ ಕೈಯಲ್ಲಿ.
ಐದು ಎಣಿಸುವ ತನಕ ನೋಡಬೇಕು.
ಆರಕ್ಕೆ ಕಣ್ಣು ರಾಜಿಯಾಗುತ್ತದೆ,
ಎಲ್ಲ ಒಂದೇ ಬಿಡು ಎನ್ನುತ್ತದೆ.

ಕಣ್ಣು ಅರೆಮುಚ್ಚಿದೆ. ಬಣ್ಣ ಕರಗಿತು,
ಉಳಿದದ್ದು ಎಷ್ಟು ಬೆಳಕು, ಎಷ್ಟು ಮಬ್ಬು, ಅಷ್ಟೇ.
ಇದು ತಪ್ಪಿದರೆ ಮಿಕ್ಕದ್ದೆಲ್ಲ ಸರಿಯಿದ್ದೂ ದಂಡ,
ಬೀದಿಯ ಆಚೆಯಿಂದಲೇ ಗೊತ್ತಾಗುತ್ತದೆ.
ಹಳದಿಯೋ ಕೆಂಚೋ ಎಂಬುದು ಆಮೇಲಿನ ಮಾತು.
ಆ ಹಳದಿ ಎಷ್ಟು ಗಟ್ಟಿ, ಎಷ್ಟು ನೀರು
ಎಂಬುದು ಅದಕ್ಕೂ ಆಮೇಲೆ.

ಒಸಡಿನ ಬಳಿ ಜೇನು, ನಡುವೆ ಬೆಣ್ಣೆ,
ಅಂಚಿನಲ್ಲಿ ಬಣ್ಣವೇ ಇಲ್ಲ,
ಬಾಯೊಳಗಿನ ಕತ್ತಲೆ ನೀಲಿಯಾಗಿ ಹಣಕುತ್ತದೆ.
ಪಕ್ಕದ ಹಲ್ಲಲ್ಲೊಂದು ಕೂದಲೆಳೆಯ ಬಿರುಕು.
ಅದನ್ನೂ ಬರೆದುಕೊಂಡೆ.
ಪಿಂಗಾಣಿ ಪುಡಿ, ಕುಂಚ, ಮೂರು ಸಲ ಕುಲುಮೆ.
ನಿನ್ನೆ ಹುಟ್ಟಿದ ಹಲ್ಲಿಗೆ
ಇಪ್ಪತ್ತಾರು ವರ್ಷದ ಚಹಾ ಕುಡಿಸಿದೆ.

ಕೂರಿಸಿದ ದಿನ ಅವನ ತಾಯಿ
ಹೊಸದು ಯಾವುದೆಂದು ಹುಡುಕಿ
ಹಳೆಯದನ್ನು ಮುಟ್ಟಿದಳು.
ಒಂದು ವಾರ ಬೀಗಿದೆ.

ಮುಂದಿನ ಸೋಮವಾರ ಬಾಗಿಲಲ್ಲಿ ಚೋಂಗೋರ್, ಫೋನ್ ಚಾಚಿ.
ಅವನ ಕೆಲಸ ಸರೋವರದ ದಾರಿಯ ಬೌಲಿಂಗ್ ಅಂಗಳದಲ್ಲಿ.
ಶುಕ್ರವಾರ ರಾತ್ರಿ ಅಲ್ಲಿ ನೇರಳೆ ದೀಪ.
ಪಟದಲ್ಲಿ ಎಲ್ಲರ ಹಲ್ಲೂ ತಣ್ಣನೆಯ ಬೆಂಕಿ,
ಇವನ ಬಾಯಲ್ಲಿ ಮಾತ್ರ ಒಂದು ಕಿಂಡಿ.
"ಒಂದು ಪಿನ್ ಉರುಳಿದೆ," ಅಂದ. ನಗಲಿಲ್ಲ.

ಪುಡಿ ಅಗ್ಗದ್ದು. ನಾನೇ ತರಿಸಿದ್ದು.
ಕಿಟಕಿಯ ಬೆಳಕೊಂದನ್ನೇ ಬೆಳಕೆಂದು ನಂಬಿದ್ದು
ಮೂವತ್ತು ವರ್ಷ.

ಶುಕ್ರವಾರ ಹೊಸ ಪುಡಿಯ ಮೂರು ತುಣುಕು
ಕರವಸ್ತ್ರದಲ್ಲಿ ಕಟ್ಟಿಕೊಂಡು ನಾನೇ ಹೋದೆ.
ನೇರಳೆಯಡಿ ಎರಡು ಉರಿದವು, ಒಂದು ಸತ್ತಿತು.
ಸುಮ್ಮನೆ ಗಾಜಿನ ಕಂಬದತ್ತ ತಿರುಗಿ ಬಾಯಿ ತೆರೆದೆ.
ಮೇಲ್ಸಾಲಿನಲ್ಲಿ, ಬಲಕ್ಕೆ, ಕಪ್ಪು.
ದೆಜೋ ಮೇಷ್ಟ್ರು ಕಟ್ಟಿಕೊಟ್ಟ ಹಲ್ಲು ಅದು,
ಐದು ಎಣಿಸಲು ಕಲಿಸಿದವರು.
ಅವರಿಗೂ ಗೊತ್ತಿರಲಿಲ್ಲ.

ಚೋಂಗೋರ್ ನನ್ನ ಕಾಲು ನೋಡಿದ,
ಏನೂ ಕೇಳದೆ
ಮೂವತ್ತೆಂಟರ ಬೂಟು ತೆಗೆದಿಟ್ಟ.
ಸರಿಯಾಗಿತ್ತು.