ನಲವತ್ತು ಮಿಲಿಮೀಟರ್

ಪ್ರಶ್ನೆ ಒಂಬತ್ತು: ನಮ್ಮ ಸಾಫ್ಟ್‌ವೇರಿನಿಂದ
ನಿಮಗೆ ಇನ್ನೇನು ಬೇಕು?
ಇನ್ನೂರು ಅಕ್ಷರ ಮೀರದಂತೆ ಬರೆಯಿರಿ.

ತುರ್ಕುವಿನ ಹಡಗುಕಟ್ಟೆಯಲ್ಲಿ ಮೂರೂವರೆಗೇ ಕತ್ತಲು.
ಕಿಟಕಿಯಾಚೆ ಕ್ರೇನಿನ ಕೆಂಪು ದೀಪ. ಒಳಗೆ
ನಾನು, ತೆಲ್ಲೆರ್ವೊ, ಇಪ್ಪತ್ತಾರು ವರ್ಷದಿಂದ
ಹಡಗಿನ ಹೊಟ್ಟೆಯೊಳಗೆ ಕೊಳವೆ ಹಾಯಿಸುವವಳು:
ಬಿಸಿನೀರು, ತಣ್ಣೀರು, ಎಣ್ಣೆ, ಕೊಳಚೆ.
ನಾಲ್ಕು ಸಾವಿರ ಜನ ಒಂದೇ ಬೆಳಗ್ಗೆ ಮಿಂದರೂ
ಒಂದರ ದಾರಿಗೆ ಇನ್ನೊಂದು ಅಡ್ಡ ಬರಬಾರದು.

ಏನು ಬೇಕು?
ಮೊದಲಿಗೆ, ಸುತ್ತುವ ಆ ನೀಲಿ ಬಳೆ ಬೇಡ.
ಅದು ಸುತ್ತುತ್ತಿರುವಾಗ ನನ್ನ ತಲೆಯೊಳಗಿನ ತಿರುವು
ಆರಿಹೋಗುತ್ತದೆ, ಸಾರಿನ ಹಾಗೆ.
ಹೊಸ ಆವೃತ್ತಿ ಬಂದಾಗಲೆಲ್ಲ
ಹೊಸ ಅಗಸನಂತೆ ಎತ್ತೆತ್ತಿ ಒಗೆಯುತ್ತೀರಿ,
ಇದ್ದಲ್ಲಿದ್ದ ಗುಂಡಿಗಳನ್ನು ಇಲ್ಲದಲ್ಲಿಗೆ.
ಹೆಬ್ಬೆರಳಿಗೆ ಗೊತ್ತಿದ್ದದ್ದನ್ನು
ಕಣ್ಣು ಮತ್ತೆ ಒಂದರಿಂದ ಕಲಿಯಬೇಕು.
ಇಲ್ಲೊಂದು ವಾಲ್ವ್ ಸರಿಸಿದರೆ
ಮೂರು ಡೆಕ್ ಕೆಳಗೆ ಯಾವುದೋ ಬಾಗಿಲು ಮಾಯ:
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಡಿಕ್ಕಿಗಳ ಪಟ್ಟಿಯಲ್ಲಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು,
ಎಲ್ಲಕ್ಕೂ ಒಂದೇ ಕೆಂಪು.
ಬಣ್ಣದ ಪದರಕ್ಕೆ ಸೋಕಿದ ಮೊಳೆಯೂ
ಉಗಿಕೊಳವೆಯೊಳಗೆ ಹೊಕ್ಕ ಏಣಿಯೂ
ಅಲ್ಲಿ ಸರಿಸಮಾನರು.

ಇಷ್ಟಕ್ಕೇ ಇನ್ನೂರು ದಾಟಿತು. ಅಳಿಸಿದೆ.

ಇಲ್ಮೊ ಇದರಲ್ಲಿ ಹೇಗೆ ಹಿಡಿಸುತ್ತಾನೆ?
ಬೆಸುಗೆಯವನು. ಎಡಚ.
ಒಂದು ಮಾರ್ಚಿನಲ್ಲಿ ನನ್ನನ್ನು ಪಂಪ್ ಕೋಣೆಗೆ ಇಳಿಸಿ
ಮೊಣಕಾಲೂರಿ ತೋರಿಸಿದ್ದ:
ನೋಡು, ನಿನ್ನ ಗೆರೆ ಸರಿಯಿದೆ.
ಗೆರೆಗೆ ಮೊಣಕೈ ಇಲ್ಲ, ನನಗಿದೆ.
ಮೇಲೆ ಬಂದವಳೇ ಆ ಕೊಳವೆಯನ್ನು
ನಲವತ್ತು ಮಿಲಿಮೀಟರ್ ಬಲಕ್ಕೆ ಬಾಗಿಸಿದೆ.
ಎರಡು ಬೆರಳಗಲ.
ಅವನ ಮುಸುಕು, ಅವನ ಟಾರ್ಚು, ಅವನ ಉಸಿರು
ಅಷ್ಟರಲ್ಲೇ ಹಿಡಿಸಿದವು.

ಕಂಪ್ಯೂಟರು ನಲವತ್ತನ್ನು ಇಟ್ಟುಕೊಂಡಿತು,
ಚುಕ್ಕಿಯ ಮುಂದೆ ಮೂರು ಸೊನ್ನೆ ಸಮೇತ.
ಯಾಕೆ ಅನ್ನುವುದನ್ನು ಇಟ್ಟುಕೊಳ್ಳಲಿಲ್ಲ.

ಎರಡನೇ ಹಡಗಿಗೆ ಅದೇ ನಕ್ಷೆ ನಕಲಾಯಿತು.
ಹೊಸ ಹುಡುಗ ಎಲ್ಮೆರಿ, ಜಾಣ, ತಪ್ಪು ಅವನದಲ್ಲ,
ತೆರೆಯ ಮೂಲೆಯಲ್ಲಿ ಸಲಹೆ ಮಿನುಗಿತು:
ಈ ಬಾಗು ಅನಗತ್ಯ. ನೆಟ್ಟಗೆ ಮಾಡಲೇ?
ಹೂಂ ಅಂತ ಒತ್ತಿದ.
ಹನ್ನೊಂದು ಯೂರೊ ಉಳಿಯಿತು.
ಇಲ್ಮೊ ಅದನ್ನೂ ಬೆಸೆದ, ಕನ್ನಡಿ ಕಟ್ಟಿಕೊಂಡು,
ಮಗ್ಗುಲಾಗಿ, ಒಂದೂವರೆ ದಿನ.
ನನಗೆ ಹೇಳಲೂ ಇಲ್ಲ. ಕ್ಯಾಂಟೀನಿನಲ್ಲಿ
ಕಾಫಿ ಲೋಟ ಬಲಗೈಯಲ್ಲಿರುವುದು ಕಂಡು ನಾನೇ ಕೇಳಿದೆ.

ಆದ್ದರಿಂದ ಸ್ವಾಮಿ, ನನಗೆ ಬೇಕಾದದ್ದು
ಗೆರೆಯ ಬೆನ್ನಿಗೆ ಚೀಟಿ ಅಂಟಿಸುವಷ್ಟು ಜಾಗ.
ನಕಲಾದರೂ ಉದುರದ ಚೀಟಿ.
ನನ್ನ ಮಾತಿನಲ್ಲೇ ಬರೆದರೆ
ಕಾಗುಣಿತ ತಪ್ಪೆಂದು ಅಡಿಗೆರೆ ಎಳೆಯಬಾರದು.
ನೆಟ್ಟಗೆ ಮಾಡುವ ಮುಂಚೆ ಅದನ್ನೊಮ್ಮೆ ಓದಬೇಕು,
ಯಂತ್ರವೋ ಹುಡುಗನೋ, ಯಾರಾದರೂ ಸರಿ.
ಇಲ್ಮೊ ಎಡಚ ಎಂದು ಅದರಲ್ಲಿ ಬರೆದಿರುತ್ತದೆ.

ಮತ್ತೆ ಹೆಚ್ಚಾಯಿತು.
ಸ್ವಾಮಿಯನ್ನು ತೆಗೆದೆ. ಕಾಗುಣಿತ ತೆಗೆದೆ.
ಇಲ್ಮೊನನ್ನು ತೆಗೆದರೆ ಸರಿಹೋಗುತ್ತಿತ್ತು.
ತೆಗೆಯಲಿಲ್ಲ. ಕಳುಹಿಸುವ ಗುಂಡಿ
ಬೂದಿಯಾಗಿಯೇ ಉಳಿಯಿತು.

ಕೋಟು ತೊಟ್ಟು ಎಲ್ಮೆರಿಯ ಮೇಜು ತಟ್ಟಿದೆ.
ಮೂರನೇ ಹಡಗಿನ ಪಂಪ್ ಕೋಣೆಗೆ
ಇನ್ನೂ ಒಂದು ಗೋಡೆ ಬಂದಿಲ್ಲ.
ಹಳೇ ಪ್ಯಾಂಟು ಇದೆಯೇನೋ ನಿನ್ನ ಹತ್ತಿರ?
ಹಾಕಿಕೊಂಡು ಬಾ.
ಮೊಣಕಾಲೂರುವುದಿದೆ.